ಉಂಡ ನೆಲದ ಋಣ

ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಬಂದವರು ನಾವು. ನಮ್ಮಲ್ಲಿ ಕೆಲವರು ಬಳ್ಳಾರಿ, ರಾಯಚೂರಿನ ಕಡೆಯವರು. ಕೆಲವರು ಕರಾವಳಿಯಿಂದ ಹೋಟೆಲು ಕೆಲಸಕ್ಕೆಂದು ಬಂದು ಇಲ್ಲಿಯೇ ನಿಂತವರು. ಇನ್ನು ಕೆಲವರು ಕಚೇರಿಗಳಿಗೆ ವರ್ಗವಾಗಿ ಬಂದ ಗುಮಾಸ್ತರು. ಬಂದ ದಾರಿ ಬೇರೆಬೇರೆಯಾದರೂ ಇಂದು ಎಲ್ಲರ ಒಲೆ ಹತ್ತುವುದು ಗಾಜುವಾಕದಲ್ಲಿ. ಈ ನೆಲಕ್ಕೆ ನಮ್ಮ ಋಣವೇನಾದರೂ ಉಂಟೆ, ಉಂಟಾದರೆ ಅದನ್ನು ತೀರಿಸುವ ಬಗೆ ಯಾವುದು ಎಂಬ ಚರ್ಚೆ ನಮ್ಮವರು ಸೇರಿದಲ್ಲೆಲ್ಲ ಏಳುವುದುಂಟು. ಆ ಬಗ್ಗೆ ನಾಲ್ಕು ಮಾತು ಬರೆಯುವುದೇ ಈ ಲೇಖನದ ಉದ್ದೇಶ.

"ದುಡಿಯುತ್ತೇವೆ, ಕೂಲಿ ಪಡೆಯುತ್ತೇವೆ, ಲೆಕ್ಕ ಅಲ್ಲಿಗೆ ಚುಕ್ತಾ" ಎನ್ನುವವರು ಕೆಲವರು. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಭಾರತದ ಯಾವ ಭಾಗದಲ್ಲಾದರೂ ವಾಸಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ನಾವು ಇಲ್ಲಿರುವುದು ಯಾರ ಭಿಕ್ಷೆಯಿಂದಲೂ ಅಲ್ಲ. "ಪರಸ್ಥಳದವರು ತಗ್ಗಿಬಗ್ಗಿ ನಡೆಯಬೇಕು, ಕೂಲಿ ಕಡಿಮೆ ಕೊಟ್ಟರೂ ತುಟಿ ಬಿಚ್ಚಬಾರದು" ಎಂದು ಯಾವನಾದರೂ ಗುತ್ತಿಗೆದಾರ ಹೇಳಿದರೆ ಅದನ್ನು ನಾವು ಒಪ್ಪಬೇಕಾಗಿಲ್ಲ. ಕೃತಜ್ಞತೆ ಬೇರೆ, ದೈನ್ಯ ಬೇರೆ.

ಆದರೆ ಹಕ್ಕಿನ ಲೆಕ್ಕ ಮುಗಿದ ಮೇಲೂ ಉಳಿಯುವ ಬಾಕಿ ಒಂದಿದೆ. ನಾವು ಬರುವ ಮೊದಲೇ ನಮ್ಮ ಅನ್ನಕ್ಕೆ ಬೆಲೆ ತೆತ್ತವರು ಇಲ್ಲಿ ಇದ್ದಾರೆ. ಅವರು ಯಾರೆಂದು ತಿಳಿಯುವುದೇ ಋಣ ತೀರಿಸುವ ಮೊದಲ ಮೆಟ್ಟಿಲು.

ಗಾಜುವಾಕದ ಬದುಕು ಹೆಚ್ಚಾಗಿ ನಿಂತಿರುವುದು ಉಕ್ಕಿನ ಕಾರ್ಖಾನೆಯ ಮೇಲೆ. ಆ ಕಾರ್ಖಾನೆ ಸುಮ್ಮನೆ ಬಂದುದಲ್ಲ. 1966ರ ಅಕ್ಟೋಬರಿನಲ್ಲಿ ಗುಂಟೂರಿನ ಕಡೆಯವರಾದ ಟಿ. ಅಮೃತರಾವ್ ಅವರು, ವಿಶಾಖಪಟ್ಟಣಕ್ಕೆ ಉಕ್ಕಿನ ಕಾರ್ಖಾನೆ ಬೇಕೆಂದು ಇಲ್ಲಿಗೆ ಬಂದು ಉಪವಾಸ ಕುಳಿತರು. "ವಿಶಾಖ ಉಕ್ಕು ಆಂಧ್ರರ ಹಕ್ಕು" ಎಂಬ ಕೂಗು ಊರೂರಿಗೆ ಹಬ್ಬಿತು. ನವೆಂಬರ್ 1ರಂದು ವಿಶಾಖಪಟ್ಟಣದಲ್ಲಿ ಪೊಲೀಸರ ಗುಂಡು ಹಾರಿತು. ಆ ಚಳವಳಿಯಲ್ಲಿ ಆಂಧ್ರದ ಬೇರೆಬೇರೆ ಊರುಗಳಲ್ಲಿ ಒಟ್ಟು 32 ಮಂದಿ ಪ್ರಾಣ ತೆತ್ತರೆಂದು ಲೆಕ್ಕ. 1970ರ ಏಪ್ರಿಲ್ 17ರಂದು ಪ್ರಧಾನಿ ಇಂದಿರಾ ಗಾಂಧಿಯವರು ಸಂಸತ್ತಿನಲ್ಲಿ ಕಾರ್ಖಾನೆಯನ್ನು ಘೋಷಿಸಿದರು. 1971ರ ಜನವರಿ 20ರಂದು ಶಂಕುಸ್ಥಾಪನೆ ಆಯಿತು. ಕಾರ್ಖಾನೆ ರಾಷ್ಟ್ರಕ್ಕೆ ಅರ್ಪಿತವಾದುದು 1992ರ ಆಗಸ್ಟ್ 1ರಂದು.

ಇಲ್ಲಿ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಅಂದು ಸಂಸತ್ತಿನಲ್ಲಿ ಘೋಷಣೆಯಾದುದು ಒಂದು ಕಾರ್ಖಾನೆಯಲ್ಲ, ಮೂರು. ವಿಶಾಖಪಟ್ಟಣ, ಸೇಲಂ, ಮೂರನೆಯದು ನಮ್ಮ ಹೊಸಪೇಟೆಯ ಕಡೆಗೆ. 1971ರಲ್ಲಿ ತೋರಣಗಲ್ಲಿನ ಬಳಿ ಅಡಿಗಲ್ಲೂ ಬಿತ್ತು. ಸರ್ಕಾರದ ಕಾರ್ಖಾನೆ ಮಾತ್ರ ಮೇಲೇಳಲಿಲ್ಲ. ಅಲ್ಲಿ ಖಾಸಗಿಯವರ ಕಾರ್ಖಾನೆ ಬಂದುದು 1990ರ ದಶಕದಲ್ಲಿ. ಅಡಿಗಲ್ಲಿನ ಮುಂದೆ ಕಾದು ಕುಳಿತ ಬಳ್ಳಾರಿ ಸೀಮೆಯವರಿಗೆ, ಕಾರ್ಖಾನೆ ನಿಜವಾಗಿ ಎದ್ದು ನಿಲ್ಲುವುದೆಂದರೆ ಏನೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಪ್ರಾಣ ತೆತ್ತವರ ಮಾತಾಯಿತು. ಇನ್ನು ನೆಲ ತೆತ್ತವರು. ಕಾರ್ಖಾನೆಗಾಗಿ 60ಕ್ಕೂ ಹೆಚ್ಚು ಹಳ್ಳಿಗಳ 20,000 ಎಕರೆಗೂ ಮೀರಿದ ಭೂಮಿ ಹೋಯಿತು. ಗದ್ದೆ, ತೋಟ, ಗ್ರಾಮದೇವತೆಯ ಗುಡಿ ಎಲ್ಲವನ್ನೂ ಬಿಟ್ಟು ಆ ಜನ ಗಾಜುವಾಕದ ಸುತ್ತಿನ ಪುನರ್ವಸತಿ ಕಾಲೊನಿಗಳಿಗೆ ಬಂದರು. ನಿರ್ವಾಸಿತರೆಂದು ಅವರಿಗೆ ಕೊಟ್ಟ ಚೀಟಿಗೆ ಇಲ್ಲಿ ಆರ್ ಕಾರ್ಡ್ ಎನ್ನುತ್ತಾರೆ. ಆ ಕಾರ್ಡಿನ ಬಲದಿಂದ ಹಲವರಿಗೆ ಕೆಲಸ ಸಿಕ್ಕಿತು. ಸಿಗದೆ ಕಾದವರೂ ಬಹಳ ಮಂದಿ. ನಾವು ಊರು ಬಿಟ್ಟೆವೆಂದು ಮರುಗುತ್ತೇವೆ. ಆದರೆ ಹಬ್ಬಕ್ಕೆ ರಜೆ ಹಾಕಿ ಹೋದರೆ ನಮ್ಮ ಊರು ಅಲ್ಲಿಯೇ ಇರುತ್ತದೆ. ಅವರ ಊರು ಇಲ್ಲ. ನಮ್ಮ ಬಾಡಿಗೆ ಮನೆಯ ಯಜಮಾನರು, ಹಾಲು ತಂದುಕೊಡುವ ಅಮ್ಮ, ಪಾಳಿಯಲ್ಲಿ ಪಕ್ಕದಲ್ಲಿ ನಿಲ್ಲುವ ಜೊತೆಗಾರ ಇವರಲ್ಲಿ ಯಾರಾದರೂ ಅಂಥ ಮನೆತನದವರಿರಬಹುದು. ಒಮ್ಮೆ ಕೇಳಿ ನೋಡಿ. "ನಿಮ್ಮ ಹಳೆಯ ಊರು ಯಾವುದು?" ಎಂಬ ಒಂದು ಪ್ರಶ್ನೆಗೆ ಅವರ ಮುಖ ಹೇಗೆ ಅರಳುತ್ತದೆಂಬುದು ಕೇಳಿದವರಿಗೆ ಗೊತ್ತು.

ಕಾರ್ಖಾನೆಯ ಬ್ಲಾಸ್ಟ್ ಫರ್ನೇಸುಗಳಿಗೆ ಗೋದಾವರಿ, ಕೃಷ್ಣಾ, ಅನ್ನಪೂರ್ಣ ಎಂದು ಹೆಸರಿಟ್ಟಿದ್ದಾರೆ. ಆಲಮಟ್ಟಿಯಲ್ಲಿ ನಾವು ಕಟ್ಟಿ ನಿಲ್ಲಿಸಿದ ಕೃಷ್ಣೆಯೇ ಮುಂದೆ ಹರಿದು ವಿಜಯವಾಡಕ್ಕೆ ಬರುವುದು. ನೀರಿಗಿರುವ ಈ ಬಳಕೆ ಜನರಿಗೂ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮುಂದಿರುವ ಮೋಕ್ಷಗುಂಡಂ ಆಂಧ್ರದ ಒಂದು ಹಳ್ಳಿ. ಅವರ ಹಿರಿಯರು ಅಲ್ಲಿಂದ ಬಂದು ಮುದ್ದೇನಹಳ್ಳಿಯ ಕಡೆ ನೆಲೆಸಿದರು. ಆ ಮನೆತನದ ಮಗ ಕನ್ನಂಬಾಡಿಯ ಕಟ್ಟೆಗೆ, ಮೈಸೂರು ವಿಶ್ವವಿದ್ಯಾನಿಲಯಕ್ಕೆ, 1923ರಲ್ಲಿ ಉತ್ಪಾದನೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ದುಡಿದರು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಜರ್ಮನಿಯಿಂದ 1853ರಲ್ಲಿ ಬಂದ ಕಿಟ್ಟೆಲ್ ಅವರು 1894ರಲ್ಲಿ ನಮಗೆ ನಿಘಂಟು ಕೊಟ್ಟರು. ಇವರಾರೂ ಕನ್ನಡ ನಾಡನ್ನು ಹೊಗಳುತ್ತ ಕೂಡಲಿಲ್ಲ. ಅದರ ಕೆಲಸವನ್ನು ತಮ್ಮ ಕೆಲಸವೆಂದು ಎತ್ತಿಕೊಂಡರು. ಬಂದವರಿಂದ ನಾವು ಇಷ್ಟನ್ನು ಪಡೆದಿರುವಾಗ, ಬಂದವರಾಗಿ ನಾವು ಏನೂ ಕೊಡದೆ ಇರುವುದು ನ್ಯಾಯವೆ?

ವಿಶ್ವೇಶ್ವರಯ್ಯನವರಷ್ಟು ಕೊಡುವ ಶಕ್ತಿ ನಮಗಿಲ್ಲ. ನಮ್ಮ ಕೈಗೆ ಎಟಕುವ ಕೆಲಸಗಳಲ್ಲಿ ಮೊದಲನೆಯದು ತೆಲುಗು ಕಲಿಯುವುದು. ಹತ್ತು ವರ್ಷ ಇಲ್ಲಿದ್ದೂ ಅಂಗಡಿಯ ಬೋರ್ಡು ಓದಲಾರದವರು ನಮ್ಮಲ್ಲಿ ಇದ್ದಾರೆ. ಎರಡು ಲಿಪಿಗಳೂ ಒಂದೇ ಬೇರಿನಿಂದ ಬಂದವು. ಬಹುಪಾಲು ಅಕ್ಷರಗಳು ಅಕ್ಕತಂಗಿಯರಂತಿವೆ. ದಿನಕ್ಕೆ ಅರ್ಧ ಗಂಟೆಯಂತೆ ಕುಳಿತರೆ ಕೆಲವೇ ವಾರಗಳಲ್ಲಿ ಪತ್ರಿಕೆಯ ತಲೆಬರಹ ಓದಬಹುದು. ಮಾತಿನಲ್ಲಂತೂ ನಮ್ಮ ಹಳಗನ್ನಡವೇ ಇಲ್ಲಿ ಸಂತೆಯಲ್ಲಿ ಓಡಾಡುತ್ತಿದೆ. ನಮ್ಮ ಹಾಲು ಇವರಿಗೆ ಪಾಲು; ಹುಲಿ ಪುಲಿ; ಹಾವು ಪಾಮು; ಹೂವು ಪುವ್ವು; ಹಳ್ಳಿ ಪಲ್ಲೆ. ನಮ್ಮ ಹಿಂದಿನವರೂ ಪಕಾರದಿಂದಲೇ ಆಡುತ್ತಿದ್ದರು. ಅದು ಹಕಾರವಾದುದು ಆಮೇಲೆ. ಎಚ್ಚರ ಬೇಕಾದ ಮಾತುಗಳೂ ಉಂಟು. ಇಲ್ಲು ಎಂದರೆ ಇವರಲ್ಲಿ ಮನೆ. ನಮ್ಮ ಇಲ್ಲ ಎಂಬುದಕ್ಕೆ ಲೇದು ಎನ್ನಬೇಕು. ನಮ್ಮಲ್ಲಿ ಚಾಲು ಎಂದರೆ ಯಂತ್ರ ಓಡತೊಡಗಿತೆಂದು. ಇವರಲ್ಲಿ ಚಾಲು ಎಂದರೆ ಸಾಕು ಎಂದು! ಕಾರ್ಖಾನೆಯಲ್ಲಿ ಈ ವ್ಯತ್ಯಾಸ ತಿಳಿಯದಿದ್ದರೆ ಬೆರಳಿಗೇ ಅಪಾಯ. ಹಿರಿಯರ ಹೆಸರಿನ ಕೊನೆಗೆ ಒಂದು ಗಾರು, ಮಾತಿನ ಕೊನೆಗೆ ಒಂದು ಅಂಡಿ ಸೇರಿಸಲು ಕಾಸು ಖರ್ಚಿಲ್ಲ.

ಎರಡನೆಯದು, ಊರಿನ ಕಷ್ಟವನ್ನು ನಮ್ಮದೆಂದು ತಿಳಿಯುವುದು. 2021ರ ಜನವರಿಯಲ್ಲಿ ಕಾರ್ಖಾನೆಯನ್ನು ಪೂರ್ತಿ ಖಾಸಗಿಗೆ ಬಿಟ್ಟುಕೊಡಲು ಕೇಂದ್ರ ಸಂಪುಟ ಒಪ್ಪಿದಾಗ ಕೂರ್ಮನ್ನಪಾಲೆಂನಲ್ಲಿ ಕಾರ್ಮಿಕರು ಧರಣಿ ಕುಳಿತರು. 2025ರ ಜನವರಿಯಲ್ಲಿ ಕಾರ್ಖಾನೆಯ ಪುನಶ್ಚೇತನಕ್ಕೆ 11,440 ಕೋಟಿ ರೂಪಾಯಿ ಮಂಜೂರಾಯಿತು. ಇಂಥ ಸಂದರ್ಭದಲ್ಲಿ "ಇದು ಅವರ ಜಗಳ" ಎಂದು ಬಾಗಿಲು ಹಾಕಿಕೊಳ್ಳುವುದು ಉಂಡ ಮನೆಯಲ್ಲಿ ಅತಿಥಿಯಂತೆ ಇರುವವರ ಲಕ್ಷಣ. ಒಲೆ ಇಲ್ಲಿ ಹೂಡಿದ ಮೇಲೆ ನಾವು ಅತಿಥಿಗಳಲ್ಲ.

ಹಾಗೆಂದು ಕನ್ನಡವನ್ನು ಮರೆಯಬೇಕೆಂದು ಅರ್ಥವಲ್ಲ. ಅತ್ತೆಯ ಮನೆಯಲ್ಲಿ ಚೆನ್ನಾಗಿ ಬಾಳುವ ಹೆಣ್ಣುಮಗಳು ತಾಯಿಯನ್ನು ಮರೆತವಳಲ್ಲ. ಮಕ್ಕಳಿಗೆ ಮನೆಯಲ್ಲಿ ಕನ್ನಡ ಅಕ್ಷರ ಕಲಿಸೋಣ. ಬೀದಿಯಲ್ಲಿ ಅವರು ತೆಲುಗಿನಲ್ಲಿ ಆಡಲಿ. ವಾಚನಾಲಯದ ಮೇಜಿನ ಮೇಲೆ ಕನ್ನಡ ಪತ್ರಿಕೆಯ ಜೊತೆಗೆ ತೆಲುಗು ಪತ್ರಿಕೆಯನ್ನೂ ಬಿಡಿಸಿ ನೋಡುವ ಅಭ್ಯಾಸ ಬೆಳೆಯಲಿ.

ಕೊನೆಯದಾಗಿ ಒಂದು ಸೂಚನೆ. ನವೆಂಬರ್ 1 ನಮಗೆ ರಾಜ್ಯೋತ್ಸವದ ದಿನ. 1956ರಲ್ಲಿ ಅದೇ ದಿನ ಆಂಧ್ರಪ್ರದೇಶವೂ ಹುಟ್ಟಿತು. 1966ರಲ್ಲಿ ಅದೇ ದಿನ ಈ ಪಟ್ಟಣದಲ್ಲಿ ಗುಂಡು ಹಾರಿತು. ಮುಂದಿನ ರಾಜ್ಯೋತ್ಸವದಲ್ಲಿ ಬಾವುಟ ಏರಿಸುವ ಮೊದಲು, ಕಾರ್ಖಾನೆಗಾಗಿ ಮಡಿದವರನ್ನೂ ನೆಲ ಬಿಟ್ಟವರನ್ನೂ ನೆನೆದು ಒಂದು ನಿಮಿಷ ಎದ್ದು ನಿಲ್ಲೋಣ. ನಿರ್ವಾಸಿತರ ಕಾಲೊನಿಯ ಹಿರಿಯರೊಬ್ಬರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸೋಣ. ಅವರು ತೆಲುಗಿನಲ್ಲಿಯೇ ಮಾತಾಡಲಿ. ಅಷ್ಟರೊಳಗೆ ಅದನ್ನು ಅರ್ಥಮಾಡಿಕೊಳ್ಳುವಷ್ಟು ನಾವು ಕಲಿತಿರಬೇಕು.