ಹಳೆ ಯಂತ್ರಗಳ ಹೊಸ ಮೇಳ

1994ರಲ್ಲಿ ಲಂಡನ್ನಿನ ಬ್ಯಾಂಡೊಂದು 'ಪಿಂಗ್ ಪಾಂಗ್' ಎಂಬ ಸಿಂಗಲ್ ಬಿಡುಗಡೆ ಮಾಡಿತು. ಮೂರು ನಿಮಿಷದ ಹಾಡು. ಒಮ್ಮೆ ಕೇಳಿದರೆ ಸಾಕು, ಗುನುಗಲು ಬರುವಂಥ ಹಗುರ ಧಾಟಿ. ಒಬ್ಬ ಗಾಯಕಿ ಹಾಡುತ್ತಿದ್ದರೆ ಇನ್ನೊಬ್ಬರು ಅರ್ಥದ ಹಂಗಿಲ್ಲದ ಅಕ್ಷರಗಳಲ್ಲಿ ಆಕೆಯ ದನಿಗೆ ದನಿ ಹೆಣೆಯುತ್ತಾರೆ. ಸಾಹಿತ್ಯಕ್ಕೆ ಕಿವಿಗೊಟ್ಟರೆ ಅಲ್ಲಿ ಪ್ರೇಮವೂ ಇಲ್ಲ, ವಿರಹವೂ ಇಲ್ಲ. ಬಂಡವಾಳಶಾಹಿ ಆರ್ಥಿಕತೆ ಕುಸಿಯುವುದು, ಕುಸಿತದ ಬೆನ್ನಿಗೇ ಯುದ್ಧ ಬರುವುದು, ಆಮೇಲೆ ಚೇತರಿಕೆ, ಮತ್ತೆ ಕುಸಿತ: ಈ ಚಕ್ರವನ್ನು ನಗುನಗುತ್ತಲೇ ವ್ಯಂಗ್ಯ ಮಾಡುವ ಹಾಡು ಅದು. ಇಂಥ ವಸ್ತುವನ್ನು ಇಂಥ ಧಾಟಿಗೆ ಕೂರಿಸಿದ ಬ್ಯಾಂಡಿನ ಹೆಸರು ಸ್ಟೀರಿಯೋಲ್ಯಾಬ್.

ಗಿಟಾರ್, ಬೇಸ್, ಡ್ರಮ್ಸ್ ಎಲ್ಲವೂ ಇರುವುದರಿಂದ ಇದನ್ನು ರಾಕ್ ಬ್ಯಾಂಡ್ ಎನ್ನಬಹುದು. ಸ್ವಂತ ಲೇಬಲ್ಲಿನಿಂದ ರೆಕಾರ್ಡ್ ಹೊರತಂದದ್ದರಿಂದ ಇಂಡೀ ಎನ್ನಬಹುದು. ಆದರೆ ಇದರ ದನಿಗೆ ಗುರುತು ತಂದುಕೊಟ್ಟದ್ದು ಎರಡು ಬಗೆಯ ಹಳೆಯ ಕೀಬೋರ್ಡುಗಳು: ಅಮೆರಿಕದ ಮೋಗ್ ಅನಲಾಗ್ ಸಿಂಥಸೈಜರ್ ಮತ್ತು ಇಟಲಿಯ ಫಾರ್ಫೀಸಾ ಆರ್ಗನ್. ಇವರು ಅವನ್ನು ಕೈಗೆತ್ತಿಕೊಂಡ ಹೊತ್ತಿಗೆ ಸಂಗೀತದ ಮಾರುಕಟ್ಟೆ ಎರಡನ್ನೂ ಮೂಲೆಗೆ ತಳ್ಳಿತ್ತು.

ಬಾರ್ಕಿಂಗ್‌ನ ಹುಡುಗ, ಪ್ಯಾರಿಸ್ಸಿನ ಹುಡುಗಿ

ಬ್ಯಾಂಡಿನ ಬೇರು ಇರುವುದು ಲಂಡನ್ನಿನ ಪೂರ್ವದ ಅಂಚಿನ ಬಾರ್ಕಿಂಗ್‌ನಲ್ಲಿ. ಅಲ್ಲಿಯ ಮೆಕಾರ್ಥಿ ಎಂಬ ಎಡಪಂಥೀಯ ಗಿಟಾರ್ ಬ್ಯಾಂಡಿನಲ್ಲಿ ಟಿಮ್ ಗೇನ್ ಗಿಟಾರ್ ನುಡಿಸುತ್ತಿದ್ದರು. 1988ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಮೆಕಾರ್ಥಿ ಕಛೇರಿಯಲ್ಲಿ ಲೆಟಿಸಿಯಾ ಸೇಡಿಯೇ ಎಂಬ ಫ್ರೆಂಚ್ ತರುಣಿಯ ಪರಿಚಯವಾಯಿತು. ಆಕೆ ಲಂಡನ್ನಿಗೆ ಬಂದು ನೆಲೆಸಿದರು. 1990ರಲ್ಲಿ ಮೆಕಾರ್ಥಿ ಚದುರಿದಾಗ ಇಬ್ಬರೂ ಸೇರಿ ಹೊಸ ಬ್ಯಾಂಡ್ ಕಟ್ಟಿದರು. ರಾಗ ಸಂಯೋಜನೆ ಗೇನ್‌ರದು. ಸಾಹಿತ್ಯ ಮತ್ತು ಹಾಡುಗಾರಿಕೆ ಸೇಡಿಯೇ ಅವರದು, ಕೆಲವು ಇಂಗ್ಲಿಷಿನಲ್ಲಿ, ಕೆಲವು ಫ್ರೆಂಚಿನಲ್ಲಿ. 1992ರಲ್ಲಿ ಆಸ್ಟ್ರೇಲಿಯಾದ ಮೇರಿ ಹ್ಯಾನ್ಸನ್ ಗಿಟಾರ್ ಮತ್ತು ಎರಡನೆಯ ದನಿಯಾಗಿ ಬಂದರು. ಡ್ರಮ್ಸ್‌ಗೆ ಆ್ಯಂಡಿ ರಾಮ್ಸೆ. ಕೀಬೋರ್ಡಿನ ಮುಂದೆ ಕೂತವರು ಕಾಲಕಾಲಕ್ಕೆ ಬದಲಾದರು. ಐರ್ಲೆಂಡಿನ ಶಾನ್ ಓಹೇಗನ್, ಫ್ರಾನ್ಸಿನ ಮಾರ್ಗಾನ್ ಲೋಟ್ ಅವರಲ್ಲಿ ಮುಖ್ಯರು.

ಬ್ಯಾಂಡಿನ ಹೆಸರೂ ಹಳೆಯದೇ. ಅಮೆರಿಕದ ವ್ಯಾನ್‌ಗಾರ್ಡ್ ರೆಕಾರ್ಡ್ ಕಂಪನಿ ಸ್ಟೀರಿಯೋ ಹೊಸದಾಗಿದ್ದ ಕಾಲದಲ್ಲಿ ಅದರ ಬೆರಗನ್ನು ಗಿರಾಕಿಗಳಿಗೆ ತೋರಿಸಲೆಂದು ನಡೆಸಿದ್ದ ವಿಭಾಗಕ್ಕೆ ಇದ್ದ ಹೆಸರು ಅದು. ತಮ್ಮ ಲೇಬಲ್ಲಿಗೆ ಇವರು ಇಟ್ಟ 'ಡ್ಯುಯೋಫೋನಿಕ್' ಎಂಬ ಹೆಸರಿನಲ್ಲಿ ತುಂಟತನವೇ ಇದೆ. ಮೋನೋ ಮುದ್ರಣಗಳನ್ನು ಸ್ಟೀರಿಯೋದಂತೆ ಕೇಳಿಸಲು ಕ್ಯಾಪಿಟಲ್ ಕಂಪನಿ ಅರವತ್ತರ ದಶಕದಲ್ಲಿ ಬಳಸಿದ ಹುಸಿ ತಂತ್ರದ ಹೆಸರು ಅದು. ಈ ಪುಟ್ಟ ಲೇಬಲ್ಲಿನಿಂದ 1991ರಲ್ಲಿ ಮೊದಲ ಕಿರು ರೆಕಾರ್ಡ್ (ಇಪಿ) 'ಸೂಪರ್ 45' ಬಂತು. 1993ರಲ್ಲಿ ಇದೇ ಲೇಬಲ್ ಡಾರ್ಲಿನ್ ಎಂಬ ಪ್ಯಾರಿಸ್ ಬ್ಯಾಂಡಿನ ಹಾಡುಗಳನ್ನೂ ಹೊರತಂದಿತು. ಅದರಲ್ಲಿದ್ದ ಇಬ್ಬರು ಹುಡುಗರೇ ಮುಂದೆ ಡಾಫ್ಟ್ ಪಂಕ್ ಎಂಬ ಎಲೆಕ್ಟ್ರಾನಿಕ್ ಜೋಡಿಯಾಗಿ ಜಗತ್ತನ್ನು ಕುಣಿಸಿದರು.

ವಿದ್ಯುತ್ತೇ ಸ್ವರವಾಗುವ ಬಗೆ

ಇನ್ನು ಯಂತ್ರಗಳ ಮಾತು. ರಾಬರ್ಟ್ ಮೋಗ್ ಎಂಬ ಎಂಜಿನಿಯರ್ 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್‌ನಲ್ಲಿ ರೂಪಿಸಿದ ಸಿಂಥಸೈಜರಿನಲ್ಲಿ ತಂತಿಯಿಲ್ಲ, ಕೊಳವೆಯಿಲ್ಲ, ಚರ್ಮವಿಲ್ಲ. ಆಸಿಲೇಟರ್ ಎಂಬ ಸರ್ಕ್ಯೂಟ್ ವಿದ್ಯುತ್ತನ್ನು ಒಂದೇ ವೇಗದಲ್ಲಿ ಏರಿಳಿಸುತ್ತದೆ. ಸ್ಪೀಕರಿಗೆ ಹೋದಾಗ ಆ ಏರಿಳಿತವೇ ಸ್ವರವಾಗಿ ಕೇಳುತ್ತದೆ. ಕೊಡುವ ನಿಯಂತ್ರಣ ವೋಲ್ಟೇಜು ಒಂದು ವೋಲ್ಟ್ ಹೆಚ್ಚಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೇರುತ್ತದೆ. ಹೀಗೆ ಹುಟ್ಟಿದ ಒರಟು ನಾದದಿಂದ ಬೇಡದ ಅಂಶಗಳನ್ನು ಫಿಲ್ಟರ್ ಸೋಸುತ್ತದೆ. ದನಿ ತಟ್ಟನೆ ಮೂಡಬೇಕೋ ಮೆಲ್ಲಗೆ ಅರಳಬೇಕೋ ಎಂಬುದನ್ನು ಇನ್ನೊಂದು ಸರ್ಕ್ಯೂಟ್ ತೀರ್ಮಾನಿಸುತ್ತದೆ. ಪ್ರತಿ ಹಂತಕ್ಕೂ ಒಂದೊಂದು ತಿರುಗುಗುಂಡಿ. ಹಾಡು ನಡೆಯುತ್ತಿರುವಾಗಲೇ ಗುಂಡಿ ತಿರುಗಿಸಿ ನಾದದ ಬಣ್ಣ ಬದಲಿಸಬಹುದು.

ತೊಂದರೆಗಳೂ ಕಡಿಮೆಯಿರಲಿಲ್ಲ. ಹೆಗಲಿಗೇರಿಸಿ ಒಯ್ಯಬಹುದಾದ ಮಿನಿಮೋಗ್ 1970ರಲ್ಲಿ ಬಂದರೂ ಅದು ಒಮ್ಮೆಗೆ ಒಂದೇ ಸ್ವರ ನುಡಿಸುತ್ತಿತ್ತು. ಹುಡುಕಿ ಕಂಡುಕೊಂಡ ನಾದವನ್ನು ನೆನಪಿಟ್ಟುಕೊಳ್ಳುವ ವ್ಯವಸ್ಥೆ ಇರಲಿಲ್ಲ. ಗುಂಡಿಗಳ ಸ್ಥಾನವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕಿತ್ತು. ವೇದಿಕೆಯ ದೀಪಗಳ ಕಾವಿಗೆ ಶ್ರುತಿ ಸರಿಯುತ್ತಿತ್ತು. 1983ರಲ್ಲಿ ಯಮಾಹಾ ಕಂಪನಿಯ ಡಿಎಕ್ಸ್-7 ಎಂಬ ಡಿಜಿಟಲ್ ಸಿಂಥಸೈಜರ್ ಬಂತು. ಒಮ್ಮೆಗೆ ಹದಿನಾರು ಸ್ವರ, ಸಿದ್ಧವಾಗಿ ತುಂಬಿಟ್ಟ ನಾದಗಳು, ಅಲುಗದ ಶ್ರುತಿ. ಅನಲಾಗ್ ಯಂತ್ರಗಳಿಗೆ ಬೇಡಿಕೆ ಕುಸಿಯಿತು. ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಅವು ಸೆಕೆಂಡ್ ಹ್ಯಾಂಡ್ ಅಂಗಡಿಗಳ ಮೂಲೆ ಸೇರಿದ್ದವು.

ಕೈಯಲ್ಲಿ ಹೆಚ್ಚು ಕಾಸಿಲ್ಲದ ಬ್ಯಾಂಡುಗಳಿಗೆ ಇದೇ ಅವಕಾಶವಾಯಿತು. ಸ್ಟೀರಿಯೋಲ್ಯಾಬ್ ಹೆಚ್ಚಾಗಿ ಬಳಸಿದ್ದು ಮೋಗ್ ಕಂಪನಿ ಎಂಬತ್ತರ ದಶಕದ ಆರಂಭದಲ್ಲಿ ಮಾಡಿದ ಓಪಸ್-3 ಮತ್ತು ರೋಗ್ ಎಂಬ ಅಗ್ಗದ ಮಾದರಿಗಳನ್ನು. ಸಂಗ್ರಾಹಕರು ಪೂಜಿಸುವ ದುಬಾರಿ ಯಂತ್ರಗಳಲ್ಲ ಅವು. ಜತೆಗಿದ್ದ ಫಾರ್ಫೀಸಾ ಆರ್ಗನ್ನನ್ನು ಮಾಡುತ್ತಿದ್ದವರು ಇಟಲಿಯ ಅಕಾರ್ಡಿಯನ್ ತಯಾರಕರು. ಮೊನಚಾದ, ತುಸು ಕೀರಲು ನಾದ ಅದರದು. ಅದರ ಮೇಲೆ ಮೋಗ್‌ನ ಗುಂಗು, ಕೆಳಗೆ ಒಂದೇ ಲಯದಲ್ಲಿ ಉಜ್ಜುವ ಗಿಟಾರ್ ಸೇರಿದರೆ ಸ್ಟೀರಿಯೋಲ್ಯಾಬ್ ಹಾಡಿನ ನೆಲಗಟ್ಟು ಸಿದ್ಧ.

ಎರಡೇ ಕಾರ್ಡ್, ಹದಿನೆಂಟು ನಿಮಿಷ

ಮೊದಲ ವರ್ಷಗಳ ಹಾಡುಗಳಲ್ಲಿ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಒಂದೋ ಎರಡೋ. ಎಪ್ಪತ್ತರ ದಶಕದ ಜರ್ಮನಿಯಲ್ಲಿ ಡುಸೆಲ್‌ಡಾರ್ಫ್‌ನ ನೋಯ್ ಎಂಬ ಜೋಡಿ ರೂಢಿಗೆ ತಂದ ಲಯ ಇವರಿಗೆ ಆಧಾರ. ಮೋಟಾರಿಕ್ ಎನ್ನುವ ಈ ಲಯದಲ್ಲಿ ಡ್ರಮ್ಸ್ ತಿರುವು ಮುರುವು ಇಲ್ಲದೆ ನಾಲ್ಕು ಮಾತ್ರೆಯಲ್ಲಿ ಓಡುತ್ತಲೇ ಇರುತ್ತದೆ. 1993ರ ಆಲ್ಬಂನಲ್ಲಿರುವ 'ಜೆನ್ನಿ ಆಂಡಿಯೋಲಿನ್' ಹಾಡು ಹೀಗೆ ಹದಿನೆಂಟು ನಿಮಿಷ ನಡೆಯುತ್ತದೆ. ಜೆನ್ನಿ ಯಾವುದೋ ಹುಡುಗಿಯಲ್ಲ. 1941ರಲ್ಲಿ ಆಂಡಿಯೋಲಿನ್ ಎಂಬ ಎಲೆಕ್ಟ್ರಾನಿಕ್ ಕೀಬೋರ್ಡನ್ನು ಕಂಡುಹಿಡಿದ ಫ್ರೆಂಚ್ ಎಂಜಿನಿಯರ್ ಜಾರ್ಜ್ ಜೆನ್ನಿ ಅವರ ಅಡ್ಡಹೆಸರು ಅದು. ಮರೆತುಹೋದ ವಾದ್ಯವನ್ನೂ ಅದರ ಕರ್ತೃವನ್ನೂ ಒಂದೇ ಶೀರ್ಷಿಕೆಯಲ್ಲಿ ಕೂರಿಸಿದ್ದಾರೆ.

ಒಂದೇ ಕಾರ್ಡ್ ಇಷ್ಟು ಹೊತ್ತು ಬೇಸರವಾಗದೇ ಎಂದರೆ, ನಮ್ಮ ಕಿವಿಗೆ ಇದು ತೀರಾ ಹೊಸತಲ್ಲ. ಕಛೇರಿಯುದ್ದಕ್ಕೂ ತಂಬೂರಿ ಒಂದೇ ಷಡ್ಜ ಪಂಚಮ ಮೀಟುತ್ತಿದ್ದರೂ ಯಾರಿಗೂ ಬೇಸರವಾಗದು. ಗಾಯಕರ ಸಣ್ಣ ಕೊಂಕೂ ನಿಚ್ಚಳವಾಗಿ ಕೇಳುವುದು ಅದು ಸ್ಥಿರವಾಗಿರುವುದರಿಂದಲೇ. ಸ್ಟೀರಿಯೋಲ್ಯಾಬ್‌ನಲ್ಲೂ ತಳ ಅಲುಗದ ಕಾರಣ ಮೇಲಿನ ಚಲನೆಗಳತ್ತ ಗಮನ ಹೋಗುತ್ತದೆ. ಫಿಲ್ಟರಿನ ಗುಂಡಿ ತುಸು ತಿರುಗಿತೆಂದರೂ ಹಾಡಿನ ಬೆಳಕು ಬದಲಾದಂತೆ ಅನ್ನಿಸುತ್ತದೆ. ಸೇಡಿಯೇ ಭಾವಾವೇಶವಿಲ್ಲದ ಸಮದನಿಯಲ್ಲಿ ಒಂದು ಸಾಲು ಹಾಡುತ್ತಿದ್ದರೆ ಹ್ಯಾನ್ಸನ್ ಅದರ ಸಂದುಗಳಲ್ಲಿ ಇನ್ನೊಂದು ಸಾಲನ್ನು ಹೊಸೆಯುತ್ತಿದ್ದರು. ಹೀಗೆ ಇಬ್ಬರ ಕೊರಳುಗಳನ್ನೂ ಯಂತ್ರಗಳ ಸಾಲಿನಲ್ಲೇ ವಾದ್ಯಗಳಂತೆ ಬಳಸಿದರು.

1996ರ 'ಎಂಪರರ್ ಟೊಮ್ಯಾಟೋ ಕೆಚಪ್' ಆಲ್ಬಂನಿಂದ ಈ ನೆಲಗಟ್ಟಿನ ಮೇಲೆ ಮಹಡಿಗಳು ಏಳತೊಡಗಿದವು. ಜಪಾನಿನ ಶೂಜಿ ತೆರಾಯಾಮಾ ಅವರ ಚಲನಚಿತ್ರವೊಂದರ ಹೆಸರನ್ನು ಹೊತ್ತ ಈ ಆಲ್ಬಂಗೆ ಷಿಕಾಗೋದ ಟಾರ್ಟಾಯ್ಸ್ ಬ್ಯಾಂಡಿನ ಜಾನ್ ಮೆಕೆಂಟೈರ್ ಜತೆಯಾದರು. ಫಂಕ್ ಲಯ ಬಂತು, ಪಿಟೀಲುಗಳು ಬಂದವು. ಮರುವರ್ಷದ 'ಡಾಟ್ಸ್ ಆ್ಯಂಡ್ ಲೂಪ್ಸ್'ನಲ್ಲಿ ಬ್ರೆಜಿಲ್ಲಿನ ಬೋಸಾ ನೋವಾ ಮತ್ತು ಜಾಜ್ ಸೇರಿದವು. ವಿಶೇಷವೆಂದರೆ ಈ ಆಲ್ಬಂನಲ್ಲಿ ಕಂಪ್ಯೂಟರಿನ ಕೆಲಸ ಬಹಳಷ್ಟಿದೆ. ಜರ್ಮನಿಯ ಮೌಸ್ ಆನ್ ಮಾರ್ಸ್ ಎಂಬ ಎಲೆಕ್ಟ್ರಾನಿಕ್ ಜೋಡಿಯೂ ಇದರಲ್ಲಿ ಕೈಜೋಡಿಸಿತ್ತು. ಅನಲಾಗ್ ಎಂದರೆ ಮಡಿ, ಡಿಜಿಟಲ್ ಎಂದರೆ ಮೈಲಿಗೆ ಎಂಬ ಹಟ ಇವರಿಗಿರಲಿಲ್ಲ. ಹಳೆಯ ಯಂತ್ರಕ್ಕೆ ಒಲಿದದ್ದು ಅದರ ನಾದಕ್ಕಾಗಿ, ಅದರ ವಯಸ್ಸಿಗಾಗಿ ಅಲ್ಲ.

ಹಾಡಿನೊಳಗಿನ ರಾಜಕಾರಣ

ಸೇಡಿಯೇ ಅವರ ಸಾಹಿತ್ಯದ ಹಿಂದೆ ಗ್ರೀಕ್-ಫ್ರೆಂಚ್ ಚಿಂತಕ ಕಾರ್ನೀಲಿಯಸ್ ಕಾಸ್ಟೊರಿಯಾಡಿಸ್ ಅವರ ಪ್ರಭಾವವಿದೆ. ಸಮಾಜದ ಸಂಸ್ಥೆಗಳು ದೈವದತ್ತವೂ ಅಲ್ಲ, ಇತಿಹಾಸದ ಕಟ್ಟಳೆಯೂ ಅಲ್ಲ; ಮನುಷ್ಯರು ಕಲ್ಪಿಸಿಕೊಂಡು ಕಟ್ಟಿದವು, ಆದ್ದರಿಂದ ಬೇರೆ ರೀತಿ ಕಟ್ಟಲೂ ಬರುತ್ತದೆ ಎಂಬುದು ಅವರ ಚಿಂತನೆಯ ತಿರುಳು. ಸ್ಟೀರಿಯೋಲ್ಯಾಬ್‌ನ ಹಾಡುಗಳು ಇದನ್ನು ಘೋಷಣೆ ಕೂಗಿ ಹೇಳುವುದಿಲ್ಲ. ಲಿಫ್ಟಿನಲ್ಲಿ, ಹೋಟೆಲ್ ಲಾಬಿಯಲ್ಲಿ ಕೇಳಿಬರುವಂಥ ನಯವಾದ ಸಂಗೀತವನ್ನೇ ಎತ್ತಿಕೊಂಡು ಅದರೊಳಗೆ ಈ ಪ್ರಶ್ನೆಗಳನ್ನು ಇಡುತ್ತವೆ. ಕೆಲವು ವಿಮರ್ಶಕರಿಗೆ ಇದು ಒಣ ಬುದ್ಧಿವಂತಿಕೆ ಅನ್ನಿಸಿತು. ಸೇಡಿಯೇ ಅವರ ತಣ್ಣನೆಯ ದನಿಯೇ ದೂರ ತಳ್ಳುತ್ತದೆ ಎಂಬ ಆಕ್ಷೇಪವೂ ಇದೆ. ಮೊದಲ ಸಲ ಕೇಳುವವರಿಗೆ ಹಾಗನ್ನಿಸಿದರೆ ತಪ್ಪಲ್ಲ. ಆದರೆ ಆರ್ಥಿಕ ಕುಸಿತದ ಹಾಡನ್ನು ಅಳುತ್ತ ಹಾಡಿದ್ದರೆ ಅದು ಮತ್ತೊಂದು ಶೋಕಗೀತೆಯಾಗುತ್ತಿತ್ತು, ಯೋಚನೆಗೆ ಹಚ್ಚುತ್ತಿರಲಿಲ್ಲ.

2002ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಮೇರಿ ಹ್ಯಾನ್ಸನ್ ಅಪಘಾತದಲ್ಲಿ ತೀರಿಕೊಂಡರು. ಅವರಿಗೆ 36 ವರ್ಷ. ಹಾಡಿನ ಹೆಣಿಗೆಯ ಒಂದು ಎಳೆಯೇ ಕಡಿದಂತಾಯಿತು. 2004ರ 'ಮಾರ್ಜರೀನ್ ಎಕ್ಲಿಪ್ಸ್' ಆಲ್ಬಂನಲ್ಲಿ 'ಫೀಲ್ ಆ್ಯಂಡ್ ಟ್ರಿಪಲ್' ಎಂಬ ಹಾಡನ್ನು ಸೇಡಿಯೇ ಗೆಳತಿಗಾಗಿ ಬರೆದರು. ಮುಂದಿನ ಆಲ್ಬಂಗಳು ಬಂದವು; 2009ರಲ್ಲಿ ಬ್ಯಾಂಡ್ ವಿರಾಮ ಘೋಷಿಸಿತು.

ಬ್ಯಾಂಡ್ ಸುಮ್ಮನಿದ್ದರೂ ಅದರ ನಾದ ಬೇರೆಯವರ ಸಂಗೀತದಲ್ಲಿ ಓಡಾಡುತ್ತಿತ್ತು. 2000ದಲ್ಲೇ ಬಸ್ಟಾ ರೈಮ್ಸ್ ಅವರ ರ್‍ಯಾಪ್ ಹಾಡೊಂದಕ್ಕೆ ನಿರ್ಮಾಪಕ ಜೆ ಡಿಲ್ಲಾ ಸ್ಟೀರಿಯೋಲ್ಯಾಬ್‌ನ ತುಣುಕನ್ನು ಬಳಸಿದ್ದರು. 2013ರಲ್ಲಿ ರ್‍ಯಾಪರ್ ಟೈಲರ್ ದ ಕ್ರಿಯೇಟರ್ ತಮ್ಮ 'ವುಲ್ಫ್' ಆಲ್ಬಂನಲ್ಲಿ ಸೇಡಿಯೇ ಅವರಿಂದಲೇ ಹಾಡಿಸಿದರು. ಯಂತ್ರಗಳ ಅದೃಷ್ಟವೂ ಬದಲಾಯಿತು. ಮಾರುಕಟ್ಟೆ ಮೂಲೆಗೆ ತಳ್ಳಿದ್ದ ಮಿನಿಮೋಗನ್ನು ಮೋಗ್ ಕಂಪನಿ 2016ರಲ್ಲಿ ಮತ್ತೆ ತಯಾರಿಸಿತು. 2019ರಲ್ಲಿ ಬ್ಯಾಂಡ್ ವೇದಿಕೆಗೆ ಮರಳಿತು, ಹಳೆಯ ಆಲ್ಬಂಗಳು ಮರುಮುದ್ರಣ ಕಂಡವು. 2025ರ ಮೇ ತಿಂಗಳಲ್ಲಿ 'ಇನ್‌ಸ್ಟಂಟ್ ಹೋಲೋಗ್ರಾಮ್ಸ್ ಆನ್ ಮೆಟಲ್ ಫಿಲ್ಮ್' ಬಂತು. ಹದಿನೈದು ವರ್ಷಗಳಲ್ಲಿ ಅವರ ಮೊದಲ ಹೊಸ ಆಲ್ಬಂ ಅದು.

ಹೊಸದಾಗಿ ಕೇಳುವವರು ಹದಿನೆಂಟು ನಿಮಿಷದ ಹಾಡಿನಿಂದ ಶುರು ಮಾಡಬೇಕಿಲ್ಲ. 'ಪಿಂಗ್ ಪಾಂಗ್' ಕೇಳಿ, ಆಮೇಲೆ 'ಎಂಪರರ್ ಟೊಮ್ಯಾಟೋ ಕೆಚಪ್'ನ ಮೊದಲ ಹಾಡು 'ಮೆಟ್ರೊನಾಮಿಕ್ ಅಂಡರ್‌ಗ್ರೌಂಡ್' ಕೇಳಬಹುದು. ಅದರಲ್ಲಿ ವಾದ್ಯಗಳು ಒಂದರ ಮೇಲೊಂದು ಏರುವ ಕ್ರಮ ಹಿಡಿಸಿದರೆ 'ಜೆನ್ನಿ ಆಂಡಿಯೋಲಿನ್' ಉದ್ದವೆನಿಸದು. ಮಾರುಕಟ್ಟೆ ಮುಗಿಯಿತೆಂದ ಯಂತ್ರ ನಿಜಕ್ಕೂ ಮುಗಿದಿರಲಿಲ್ಲ ಎಂಬುದನ್ನು ಈ ಬ್ಯಾಂಡ್ ನುಡಿಸಿ ತೋರಿಸಿದೆ. ಇದೇ ಮಾತು ಸಮಾಜಕ್ಕೂ ಸಲ್ಲುತ್ತದೆ ಎಂದು ಸೇಡಿಯೇ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಹಾಡುತ್ತಲೇ ಇದ್ದಾರೆ. ಒಪ್ಪುವುದು ಬಿಡುವುದು ಕೇಳುಗರಿಗೆ ಬಿಟ್ಟದ್ದು.