ಕರ್ನಲ್ ರಕ್ಷಣೆಯಲ್ಲಿ ಕಂಪೈಲರಿನ ಎಚ್ಚರಿಕೆಗಳು

ಗಣಕಯಂತ್ರದ ಆಪರೇಟಿಂಗ್ ಸಿಸ್ಟಮ್ಮಿನ ಮೂಲಭಾಗಕ್ಕೆ ಕರ್ನಲ್ ಎಂದು ಹೆಸರು. ಸ್ಮೃತಿಕೋಶ, ಡಿಸ್ಕು, ಬಳಕೆದಾರರ ಅಧಿಕಾರ ಇವೆಲ್ಲವೂ ಅದರ ಆಡಳಿತಕ್ಕೆ ಒಳಪಟ್ಟಿವೆ. ಬೇರೊಂದು ಪ್ರೋಗ್ರಾಮು ಕೆಟ್ಟರೆ ಬಹುಮಟ್ಟಿಗೆ ಅದೊಂದೇ ನಿಲ್ಲುತ್ತದೆ. ಕರ್ನಲ್ಲಿನಲ್ಲಿ ತಪ್ಪು ನುಸುಳಿದರೆ ಯಂತ್ರವೇ ಅನ್ಯರ ವಶವಾಗಬಹುದು.

1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಅವರು ಆರಂಭಿಸಿದ ಲಿನಕ್ಸ್ ಕರ್ನಲ್ ಬಹುಪಾಲು ಸಿ ಭಾಷೆಯಲ್ಲಿದೆ. ಅದನ್ನು ಯಂತ್ರಭಾಷೆಗೆ ಪರಿವರ್ತಿಸುವ ಸಾಧನವೇ ಕಂಪೈಲರ್. ವ್ಯಾಕರಣ ಕೆಟ್ಟಿದ್ದರೆ ಅದು ಪರಿವರ್ತನೆಯನ್ನೇ ನಿರಾಕರಿಸುತ್ತದೆ. ವ್ಯಾಕರಣ ಸರಿಯಿದ್ದು ಅರ್ಥ ಸಂದೇಹಾಸ್ಪದವಾದಲ್ಲಿ ಎಚ್ಚರಿಕೆಯನ್ನಷ್ಟೇ ಕೊಟ್ಟು ಮುಂದೆ ಸಾಗುತ್ತದೆ. ಉತ್ತರಪತ್ರಿಕೆಯಲ್ಲಿ ನಾವು ಕೆಂಪುಗೆರೆ ಎಳೆದು ಅಂಕ ಕೊಡುವಂತೆಯೇ ಇದು.

ಒಂದು ಉದಾಹರಣೆಯನ್ನು ನೋಡೋಣ. ಸಿ ಭಾಷೆಯ ‘ಸ್ವಿಚ್’ ರಚನೆಯಲ್ಲಿ ‘ಕೇಸ್’ ಎಂಬ ಹಲವು ಕವಲುಗಳಿರುತ್ತವೆ. ಒಂದು ಕವಲಿನ ಕೊನೆಗೆ ‘ಬ್ರೇಕ್’ ಎಂದು ಬರೆಯದಿದ್ದರೆ ಕಾರ್ಯವು ನಿಲ್ಲದೆ ಮುಂದಿನ ಕವಲಿಗೆ ಹರಿಯುತ್ತದೆ. ಇದು ಕೆಲವೆಡೆ ಉದ್ದೇಶಪೂರ್ವಕ, ಕೆಲವೆಡೆ ಬರಿಯ ಮರೆವು. ನೋಟಕ್ಕೆ ಎರಡೂ ಒಂದೇ. ಇದನ್ನು ಎತ್ತಿ ತೋರಿಸುವ ಎಚ್ಚರಿಕೆ 2017ರಲ್ಲಿ ಜಿಸಿಸಿ ಕಂಪೈಲರಿನ 7ನೆಯ ಆವೃತ್ತಿಯೊಡನೆ ಬಂದಿತು. ಗುಸ್ತಾವೊ ಸಿಲ್ವ ಮೊದಲಾದವರು ಇಂತಹ ನೂರಾರು ಸ್ಥಳಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಸುಮಾರು ಹತ್ತರಲ್ಲಿ ಒಂದು ನಿಜವಾದ ಮರೆವೆಂದು ಕಂಡುಬಂದಿತು. 2019ರ 5.3ನೆಯ ಆವೃತ್ತಿಯಿಂದ ಈ ಎಚ್ಚರಿಕೆಯನ್ನು ಕರ್ನಲ್ಲಿಗೆಲ್ಲ ಅನ್ವಯಿಸಲಾಯಿತು.

ಉದ್ದೇಶಪೂರ್ವಕವಾದ ಕಡೆಗಳಲ್ಲಿ ಮೊದಲು ಟಿಪ್ಪಣಿ ಬರೆಯುತ್ತಿದ್ದರು. ಜಿಸಿಸಿ ಅದನ್ನು ಗಮನಿಸುತ್ತಿತ್ತು. ಕ್ಲಾಂಗ್ ಎಂಬ ಇನ್ನೊಂದು ಕಂಪೈಲರ್ ಗಮನಿಸುತ್ತಿರಲಿಲ್ಲ. ಆದುದರಿಂದ 5.4ನೆಯ ಆವೃತ್ತಿಯಲ್ಲಿ ‘ಫಾಲ್‌ಥ್ರೂ’ ಎಂಬ ಪದವನ್ನು ಮೂಲಪಾಠದಲ್ಲೇ ಬರೆಯುವ ಏರ್ಪಾಡಾಯಿತು. ಬರೆದವನ ಇಂಗಿತ ಅಂಚಿನಿಂದ ಪಾಠಕ್ಕೆ ಬಂದಿತು.

ಇದೇ ರೀತಿ, ಕಾರ್ಯಕಾಲದಲ್ಲಿ ಗಾತ್ರ ನಿಶ್ಚಯವಾಗುವ ಅರೇಗಳನ್ನು 2018ರ 4.20ನೆಯ ಆವೃತ್ತಿಯ ವೇಳೆಗೆ ತೆಗೆದುಹಾಕಲಾಯಿತು. ಕರ್ನಲ್ಲಿನ ಸ್ಟ್ಯಾಕ್ ಬಹು ಚಿಕ್ಕದು. ಅಂತಹ ಅರೇ ಹಿಗ್ಗಿದರೆ ಪಕ್ಕದ ಸ್ಮೃತಿಯನ್ನು ಕೆಡಿಸುವ ಭಯವಿತ್ತು.

ಎಚ್ಚರಿಕೆ ಎಲ್ಲ ದೋಷಗಳನ್ನೂ ಕಾಣಲಾರದು. ಯೋಚಿಸದೆ ‘ಫಾಲ್‌ಥ್ರೂ’ ಬರೆದು ಅದರ ಬಾಯಿ ಮುಚ್ಚಿಸಿದರೆ ಮರೆವೇ ಉದ್ದೇಶವೆಂಬ ಮುದ್ರೆ ಪಡೆಯುತ್ತದೆ. ಸಾವಿರ ಹಳೆಯ ಎಚ್ಚರಿಕೆಗಳ ನಡುವೆ ಹೊಸದೊಂದು ಕಣ್ಣಿಗೆ ಬೀಳುವುದಿಲ್ಲ. ಹಳೆಯವು ಶೂನ್ಯವಾದ ಮೇಲೆ ಬಂದ ಒಂದೇ ಒಂದನ್ನು ಯಾರೂ ಕಡೆಗಣಿಸಲಾರರು. ಈ ಶ್ರಮದ ನಿಜವಾದ ಫಲ ಅದೇ.