ಅಜ್ಜಿಯ ಒಳಲೆ, ನನ್ನ ಪಂಪು

ನನ್ನ ಮಗಳು ಎಂಟು ವಾರ ಮೊದಲೇ ಹುಟ್ಟಿಬಿಟ್ಟಳು. ತೂಕ 1,600 ಗ್ರಾಂ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವಳು ಗಾಜಿನ ಪೆಟ್ಟಿಗೆಯೊಳಗೆ, ನಾನು ಮೇಲಿನ ಮಹಡಿಯ ಹಾಸಿಗೆಯಲ್ಲಿ. ಮಾರನೆಯ ದಿನ ಗಾಲಿಕುರ್ಚಿಯಲ್ಲಿ ಹೋಗಿ ನೋಡಿದಾಗ ಅವಳ ಕೈ ನನ್ನ ಹೆಬ್ಬೆರಳಿಗಿಂತ ದೊಡ್ಡದಿರಲಿಲ್ಲ. ಅಳು ಬಂತು.

ಅಲ್ಲಿದ್ದ ಸಿಸ್ಟರ್ ಹೇಳಿದರು: "ಅಳಬೇಡಿ, ನೀವು ಮಾಡೋ ಕೆಲಸ ಒಂದಿದೆ. ನಿಮ್ಮ ಹಾಲು ಬೇಕು."

"ಅವಳಿಗೆ ಚೀಪೋಕೆ ಬರುತ್ತಾ?"

"ಇನ್ನೂ ಬರಲ್ಲ. ಚೀಪೋದು, ನುಂಗೋದು, ಉಸಿರಾಡೋದು, ಈ ಮೂರನ್ನೂ ಒಟ್ಟಿಗೆ ಮಾಡೋದನ್ನ ಮಗು ಹೊಟ್ಟೆಯೊಳಗೆ ಕೊನೇ ವಾರಗಳಲ್ಲಿ ಕಲಿಯುತ್ತೆ. ಅಲ್ಲೀವರೆಗೆ ಸಣ್ಣ ನಳಿಕೆಯಲ್ಲಿ ಕೊಡ್ತೀವಿ. ತೆಗೆದುಕೊಡೋದು ನಿಮ್ಮ ಕೆಲಸ."

ಅವರು ಮೊದಲು ಕಲಿಸಿದ್ದು ಕೈಯಿಂದ ತೆಗೆಯುವುದನ್ನು. ಆ ದಿನ ಸಿಕ್ಕಿದ್ದು ಅರ್ಧ ಚಮಚದಷ್ಟು, ಅರಿಸಿನ ಕಲಸಿದಂತೆ ಹಳದಿ. "ಇಷ್ಟೇನಾ?" ಎಂದು ನಾಚಿಕೆಯಿಂದ ಕೇಳಿದೆ. "ಇದು ಮಗುವಿನ ಮೊದಲನೇ ಲಸಿಕೆ. ಒಂದು ತೊಟ್ಟೂ ಚೆಲ್ಲಬೇಡಿ" ಎಂದರು.

ಹಳೇ ಬಸ್ಸಿನ ಹಾರನ್ನು

ದಿನಕ್ಕೆ ಎಂಟು ಸಲ ಹಾಲು ತೆಗೆಯಬೇಕು, ರಾತ್ರಿಯೂ ಸೇರಿ. ಕೈ ಸೋಲುತ್ತಿತ್ತು. ಪಂಪು ತರೋಣ ಎಂದು ಮನೆಯಲ್ಲಿ ಮಾತು ಬಂತು. ನಮ್ಮ ಯಜಮಾನರು ಓಡಿಹೋಗಿ ಮೆಡಿಕಲ್ ಅಂಗಡಿಯಿಂದ ಒಂದನ್ನು ತಂದೇಬಿಟ್ಟರು. ಗಾಜಿನ ಆಲಿಕೆ, ಅದರ ಹಿಂದೆ ರಬ್ಬರಿನ ಉಂಡೆ. ಹಿಚುಕಿ ಬಿಟ್ಟರೆ ಎಳೆಯುತ್ತದೆ.

ತೀರ್ಥಹಳ್ಳಿ ಕಡೆಯ ನಮ್ಮ ಊರಿಂದ ಬಂದಿದ್ದ ಅಜ್ಜಿ ಅದನ್ನು ತಿರುಗಿಸಿ ನೋಡಿ, "ಎಂತ ಇದು, ಹಳೇ ಬಸ್ಸಿನ ಹಾರನ್ನಿನ ಹಾಗಿದೆ!" ಎಂದರು.

ಅಜ್ಜಿಯ ಮಾತು ಸುಳ್ಳಾಗಲಿಲ್ಲ. ಉಂಡೆ ಎಷ್ಟು ಜೋರಾಗಿ ಎಳೆಯುತ್ತದೆ ಎನ್ನುವುದು ನಮ್ಮ ಹಿಡಿತದಲ್ಲಿ ಇರುವುದಿಲ್ಲ. ನೋವಾಯಿತು. ಜೊತೆಗೆ ಹಾಲು ಉಂಡೆಯ ಒಳಗೆ ನುಗ್ಗಿತು. ಅಲ್ಲಿಗೆ ಬ್ರಷ್ಷೂ ಹೋಗದು, ಒಣಗುವುದೂ ಇಲ್ಲ. ಸಿಸ್ಟರ್ ನೋಡಿದವರೇ, "ಇದರ ಹಾಲು ಮಗುವಿಗೆ ಬೇಡ" ಎಂದರು. ಉಂಡೆಯ ಒಳಗೆ ಹಳೆಯ ಹಾಲು ಉಳಿದರೆ ರೋಗಾಣು ಬೆಳೆಯುತ್ತವೆ. ಅವಧಿಗೆ ಮೊದಲು ಹುಟ್ಟಿದ ಮಗುವಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ.

ಆಗ ಅಮ್ಮ ಹೇಳಿದಳು: "ಚಿಕ್ಕಮ್ಮನ ಮಗಳ ಹತ್ರ ಕರೆಂಟಿಂದು ಇದೆಯಲ್ಲ, ಸುಮ್ಮನೆ ಕೂತಿದೆ. ಇಸ್ಕೊಂಡು ಬಂದರಾಯ್ತು."

ಆಸ್ಪತ್ರೆಯ ಖರ್ಚು ನೋಡಿದ್ದ ನನಗೂ ಅದೇ ಸರಿ ಅನ್ನಿಸಿತು. ಸಿಸ್ಟರ್ ಒಂದೇ ಪ್ರಶ್ನೆ ಕೇಳಿದರು: "ಹಾಲಿನ ದಾರಿಗೂ ಮೋಟಾರಿಗೂ ನಡುವೆ ತೆರೆ ಇದೆಯಾ?" ಕೆಲವು ಪಂಪುಗಳಲ್ಲಿ ನಡುವೆ ತೆಳ್ಳನೆಯ ಒಂದು ಪೊರೆ ಇರುತ್ತದೆ. ಗಾಳಿಯ ಎಳೆತ ಪೊರೆಯನ್ನು ಅಲುಗಿಸುತ್ತದೆ, ಹಾಲಿನ ತೇವ ಮಾತ್ರ ಆಚೆ ದಾಟುವುದಿಲ್ಲ. ಪೊರೆ ಇಲ್ಲದಿದ್ದರೆ ತೇವ ನಳಿಕೆಯೊಳಗೆ, ಮೋಟಾರಿನೊಳಗೆ ಹೋಗಿ ಬೂಷ್ಟು ಹಿಡಿಯಬಹುದು. ಅದನ್ನು ಬಿಚ್ಚಿ ತೊಳೆಯಲಾಗದು. ಚಿಕ್ಕಮ್ಮನ ಮಗಳ ಪಂಪಿನಲ್ಲಿ ಪೊರೆ ಇರಲಿಲ್ಲ. ಪ್ರೀತಿಯಿಂದ ಕೊಟ್ಟಿದ್ದನ್ನು ಬೇಡ ಎನ್ನುವುದು ಕಷ್ಟ. ಆದರೂ ಬೇಡ ಎಂದೆವು.

ಎಳನೀರಿನ ಪಾಠ

ಕೊನೆಗೆ ಕೊಂಡಿದ್ದು, ನಡುವೆ ಪೊರೆಯಿರುವ, ಎರಡೂ ಕಡೆ ಒಟ್ಟಿಗೆ ಹಾಲು ತೆಗೆಯುವ ಪಂಪು. ಒಟ್ಟಿಗೆ ತೆಗೆದರೆ ಸಮಯ ಅರ್ಧ ಉಳಿಯುತ್ತದೆ. ದಿನಕ್ಕೆ ಎಂಟು ಸಲ ಎಂದಾಗ ಆ ಉಳಿತಾಯ ಸಣ್ಣದಲ್ಲ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ಬ್ಯಾಟರಿಯೂ ಇರುವಂಥದ್ದು.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ಅಜ್ಜಿಗೆ ವಿವರಿಸಿದ್ದು 8ನೇ ತರಗತಿಯಲ್ಲಿ ಓದುವ ಅಣ್ಣನ ಮಗಳು.

"ಮುತ್ತಜ್ಜಿ, ಸ್ಟ್ರಾ ಹಾಕಿ ಎಳನೀರು ಕುಡಿತೀವಲ್ಲ, ಆಗ ಎಳನೀರನ್ನ ಮೇಲೆ ತರೋದು ಯಾರು?"

"ನನ್ನ ಬಾಯಿ, ಮತ್ಯಾರು?"

"ಅಲ್ಲ, ಗಾಳಿ! ನಾವು ಸ್ಟ್ರಾದೊಳಗಿನ ಗಾಳಿ ಎಳೆದುಕೊಂಡಾಗ ಒಳಗೆ ಒತ್ತಡ ಕಡಿಮೆಯಾಗುತ್ತೆ. ಹೊರಗಿನ ಗಾಳಿ ಎಳನೀರನ್ನ ಮೇಲಕ್ಕೆ ಒತ್ತುತ್ತೆ. ಪಂಪೂ ಅಷ್ಟೇ. ಪಾಪೂನೂ ಹಾಗೇ, ನಾಲಿಗೆ ಕೆಳಗೆ ಇಳಿಸಿ ಬಾಯೊಳಗೆ ಒತ್ತಡ ಕಡಿಮೆ ಮಾಡುತ್ತೆ."

ಮಗು ಮೊದಲು ಬೇಗಬೇಗ ಸಣ್ಣದಾಗಿ ಚೀಪಿ, ಹಾಲು ಇಳಿದ ಮೇಲೆ ನಿಧಾನವಾಗಿ ದೊಡ್ಡ ಗುಟುಕು ಎಳೆಯುತ್ತದೆ. ನಮ್ಮ ಪಂಪಿನಲ್ಲೂ ಹಾಗೆ ಎರಡು ವೇಗಗಳಿದ್ದವು. ಇಂಥ ಯಂತ್ರಕ್ಕಾಗಿ ತಲೆ ಕೆಡಿಸಿಕೊಂಡವರಲ್ಲಿ ಒಬ್ಬ ಚದುರಂಗದ ಆಟಗಾರನೂ ಇದ್ದಾನೆ, ಮಕ್ಕಳೇ! ಎಡ್ವರ್ಡ್ ಲಾಸ್ಕರ್ ಎಂಬ ಎಂಜಿನಿಯರ್ 1920ರ ದಶಕದಲ್ಲಿ ಅಮೆರಿಕದಲ್ಲಿ ವಿದ್ಯುತ್ ಪಂಪೊಂದನ್ನು ರೂಪಿಸಿದ. ವಿಶ್ವ ಚಾಂಪಿಯನ್ ಆಗಿದ್ದ ಇಮ್ಯಾನುಯೆಲ್ ಲಾಸ್ಕರ್ ಬೇರೆ, ಈತ ಬೇರೆ.

ಡಬ್ಬದಲ್ಲಿ ಬಂದ ಆಲಿಕೆ ನನಗೆ ದೊಡ್ಡದಾಯಿತು. ಮೊದಲ ಎರಡು ದಿನ ನೋವು ಸಹಿಸಿಕೊಂಡೆ, ತಾಯಿಯಾದವಳು ಸಹಿಸಬೇಕು ಎಂದುಕೊಂಡು. ಸಿಸ್ಟರ್ ಬೈದರು. ಚಪ್ಪಲಿಯ ಹಾಗೆ ಆಲಿಕೆಗೂ ಅಳತೆ ಇದೆ, ನೋವಾದರೆ ತಪ್ಪು ಅಳತೆಯದು, ತಾಯಿಯದಲ್ಲ. ಚಿಕ್ಕದನ್ನು ತರಿಸಿದೆವು. ನೋವು ಹೋಯಿತು.

ಕರು ಮುಂದಿಲ್ಲದ ಹಸು

ನನ್ನನ್ನು ಮನೆಗೆ ಕಳಿಸಿದರು, ಮಗು ಅಲ್ಲೇ ಉಳಿಯಿತು. ಆಸ್ಪತ್ರೆಗೆ ಹತ್ತಿರವಿದ್ದ ಅಣ್ಣನ ಮನೆಯಲ್ಲಿ ಮೊದಲ ರಾತ್ರಿ ಪಂಪು ಹಾಕಿಕೊಂಡು ಕುಳಿತೆ. ಇಪ್ಪತ್ತು ನಿಮಿಷ ಕಳೆದರೂ ಸೀಸೆಯ ತಳ ಮುಚ್ಚಲಿಲ್ಲ. ಆಸ್ಪತ್ರೆಯಲ್ಲಿ ಬರುತ್ತಿದ್ದ ಹಾಲು ಎಲ್ಲಿ ಹೋಯಿತು? ಪಂಪು ಕೆಟ್ಟಿತೇ? ನಾಲ್ಕು ಸಾವಿರ ರೂಪಾಯಿ ನೀರಿಗೆ ಹೋಯಿತೇ? ಮಗುವಿಗೆ ನಾಳೆ ಏನು ಕೊಡುವುದು?

ಅಜ್ಜಿ ಎದ್ದು ಬಂದು ಪಕ್ಕದಲ್ಲಿ ಕುಳಿತರು. ಎಪ್ಪತ್ತೆಂಟು ವರ್ಷ, ಅದರಲ್ಲಿ ಅರವತ್ತು ವರ್ಷ ಹಸು ಕರೆದ ಕೈ.

"ಕರುವನ್ನು ಬಿಡದೆ ಕರೆಯೋಕೆ ಕೂತರೆ ನಮ್ಮ ಗೌರಿ ಸೊರೆ ಬಿಡ್ತಿತ್ತೇನೇ? ನಿನ್ನ ಕರು ಆಸ್ಪತ್ರೆಯಲ್ಲಿದೆ ಮಗಾ. ನೀನು ಗೋಡೆ ನೋಡ್ತಾ ಕೂತಿದೀಯ."

ಮರುದಿನ ಅಜ್ಜಿ ಆಸ್ಪತ್ರೆಗೆ ಬಂದು, ಮಗುವಿಗೆ ಹೊದಿಸಿದ್ದ ಬಟ್ಟೆಯ ತುಂಡೊಂದನ್ನು ಸಿಸ್ಟರ್ ಹತ್ತಿರ ಕೇಳಿ ತಂದರು. ಆ ರಾತ್ರಿ ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ಪಂಪು ಹಾಕಿದೆ. ಎರಡು ನಿಮಿಷಕ್ಕೆ ಎದೆಯಲ್ಲಿ ಜುಮ್ಮೆಂದಿತು. ಸೀಸೆಯಲ್ಲಿ ತಟಪಟ ಸದ್ದು. ಅಜ್ಜಿ ಏನೂ ಹೇಳಲಿಲ್ಲ, ನನ್ನ ಬೆನ್ನು ಸವರುತ್ತ ಕುಳಿತಿದ್ದರು.

ವೈದ್ಯರನ್ನು ಕೇಳಿದಾಗ ನಕ್ಕು, "ನಿಮ್ಮ ಅಜ್ಜಿ ಹೇಳಿದ್ದು ವಿಜ್ಞಾನವೇ" ಎಂದರು. ಹಾಲನ್ನು ತಯಾರಿಸುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಅದು ರಾತ್ರಿ ಹೆಚ್ಚು, ಅದಕ್ಕೇ ರಾತ್ರಿಯ ಸರದಿ ತಪ್ಪಿಸಬಾರದು. ತಯಾರಾದ ಹಾಲನ್ನು ಹೊರಗೆ ಹರಿಸುವುದು ಆಕ್ಸಿಟೋಸಿನ್. ಮಗುವಿನ ವಾಸನೆ, ಅಳು, ನೆನಪು ಅದನ್ನು ಎಬ್ಬಿಸುತ್ತವೆ. ಭಯ, ಚಿಂತೆ ಅದನ್ನು ತಡೆಯುತ್ತವೆ. ಎಷ್ಟು ಬೆಲೆಯ ಪಂಪಾದರೂ ಆ ಕೆಲಸ ಮಾಡಲಾರದು.

ಅಂದಿನಿಂದ ಪಂಪಿನ ಉಸ್ತುವಾರಿ ಅಜ್ಜಿಯದು. ಅಜ್ಜಿಯ ಮಡಿಯನ್ನು ನಾವೆಲ್ಲ ಗೇಲಿ ಮಾಡಿದವರೇ. ಈಗ ಅದೇ ಮಡಿ ಕೆಲಸಕ್ಕೆ ಬಂತು. ಪಂಪಿಗೆಂದೇ ಬೇರೆ ಪಾತ್ರೆ, ಬೇರೆ ಬ್ರಷ್ಷು. ಸೋಪು ಹಾಕಿ ಕೈ ತೊಳೆಯದವರು ಮುಟ್ಟುವಂತಿಲ್ಲ. ಹಾಲು ತಾಗಿದ ಭಾಗಗಳನ್ನೆಲ್ಲ ಬಿಚ್ಚಿ, ಸೋಪುನೀರಲ್ಲಿ ತೊಳೆದು, ಕುದಿಸಿ, ಒಗೆದ ಬಟ್ಟೆಯ ಮೇಲೆ ಹರವುವುದು. ಮೋಟಾರಿಗೂ ಅದರ ನಳಿಕೆಗೂ ಮಾತ್ರ ನೀರು ತಾಗಿಸುವಂತಿಲ್ಲ. ಹಾಲಿನ ಸೀಸೆಗೆ ದಿನ, ಗಂಟೆ ಬರೆದು ಚೀಟಿ ಅಂಟಿಸುವುದು ಅಣ್ಣನ ಮಗಳ ಕೆಲಸ. ಮಂಜುಗಡ್ಡೆಯ ಡಬ್ಬದಲ್ಲಿಟ್ಟು ಆಸ್ಪತ್ರೆಗೆ ಒಯ್ಯುವುದು ಅಣ್ಣನದು.

"ಇದು ನಮ್ಮ ಒಳಲೆ!"

ಮೂರನೆಯ ವಾರ ಸಿಸ್ಟರ್, "ಇವತ್ತು ನಳಿಕೆ ಬೇಡ, ಪಾಲಾಡೈಯಲ್ಲಿ ಕುಡಿಸೋಣ" ಎಂದರು. ಕುದಿಸಿದ ಸ್ಟೀಲಿನ ಪುಟ್ಟ ಪಾತ್ರೆಯೊಂದನ್ನು ತಂದರು. ಮೂತಿ ಉದ್ದ, ದೋಣಿಯ ಆಕಾರ. ಅಜ್ಜಿಯ ಕಣ್ಣು ಅರಳಿತು.

"ಇದು ನಮ್ಮ ಒಳಲೆ ಅಲ್ವಾ! ನಿನ್ನ ಅಮ್ಮನಿಗೆ, ನಿನಗೆ, ಎಲ್ಲರಿಗೂ ಕುಡಿಸಿದ್ದು ಇದರಲ್ಲೇ."

ಅಷ್ಟೊಂದು ಯಂತ್ರಗಳ ನಡುವೆ ನಮ್ಮ ಅಟ್ಟದ ಪೆಟ್ಟಿಗೆಯಲ್ಲಿರುವ ಸಾಮಾನು! ಸೀಸೆಯ ನಿಪ್ಪಲ್ಲಿಗಿಂತ ಇದನ್ನು ತೊಳೆಯುವುದು ಸುಲಭ, ಮಗು ನಿಪ್ಪಲ್ಲಿಗೆ ಒಗ್ಗಿಕೊಂಡು ತಾಯಿಯನ್ನು ಬಿಡುವ ಭಯವೂ ಇಲ್ಲ ಎಂದು ಸಿಸ್ಟರ್ ಹೇಳಿದರು. ಪಂಪಿನಲ್ಲಿ ತೆಗೆದ ಹಾಲನ್ನು ಒಳಲೆಗೆ ಹೊಯ್ದು, ಗಂಟಲಿಗೆ ಸುರಿಯದೆ, ತುಟಿಗೆ ತಾಗಿಸಿ ತೊಟ್ಟುತೊಟ್ಟಾಗಿ ಕೊಟ್ಟರು. ಮಗಳು ಚಪ್ಪರಿಸಿದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇನ್ನೊಂದು ವಾರಕ್ಕೆ ಅವಳು ನೇರವಾಗಿ ಕುಡಿಯಲು ಕಲಿತಳು. ಈಗ ಯಾರಾದರೂ ನನ್ನನ್ನು ಕೇಳಿದರೆ ಹೇಳುವುದು ಇಷ್ಟು: ಮಗು ಚೆನ್ನಾಗಿ ಚೀಪುತ್ತಿದ್ದು, ತಾಯಿ ಹತ್ತಿರವೇ ಇದ್ದರೆ ಪಂಪೇ ಬೇಕಿಲ್ಲ. ಅಪರೂಪಕ್ಕೊಮ್ಮೆಯಾದರೆ ಕೈ ಸಾಕು, ಇಲ್ಲವೇ ಹಿಡಿಕೆ ಒತ್ತುವ ಸಾದಾ ಪಂಪು ಸಾಕು. ಮಗು ಆಸ್ಪತ್ರೆಯಲ್ಲಿದ್ದರೆ, ತಾಯಿ ಕೆಲಸಕ್ಕೆ ಹೋಗುವವಳಾದರೆ ಕರೆಂಟಿನದು ನೋಡಿ. ಬಣ್ಣ ನೋಡಬೇಡಿ. ನಡುವೆ ಪೊರೆ ಇದೆಯೇ, ಎಲ್ಲ ಭಾಗ ಬಿಚ್ಚಿ ತೊಳೆಯಬಹುದೇ, ಬೇರೆ ಅಳತೆಯ ಆಲಿಕೆ, ಬದಲಿ ಭಾಗ ಸಿಗುತ್ತವೆಯೇ ಎಂದು ಕೇಳಿ. ಹಾಲು ಸಾಲದಿದ್ದರೆ ಅದು ತಾಯಿಯ ತಪ್ಪಲ್ಲ. 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಎದೆಹಾಲಿನ ಬ್ಯಾಂಕ್ ತೆರೆದರು, ಏಷ್ಯಾದಲ್ಲೇ ಅದು ಮೊದಲನೆಯದು. ಅಂಥ ಬ್ಯಾಂಕುಗಳು ಈಗ ನಮ್ಮ ರಾಜ್ಯದಲ್ಲೂ ಇವೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಬಾಣಂತಿಯ ಎದುರು "ಹಾಲು ಸಾಲದು ಕಾಣುತ್ತೆ" ಎನ್ನಬೇಡಿ. ಪಕ್ಕದಲ್ಲಿ ಕುಳಿತು ಬೆನ್ನು ಸವರಿ.

ಮಗಳಿಗೆ ಈಗ ಎರಡು ವರ್ಷ. ಮೊನ್ನೆ ಪಂಪನ್ನು ಡಬ್ಬಕ್ಕೆ ತುಂಬುತ್ತಿದ್ದೆ. ಅಜ್ಜಿ ಅದನ್ನು ಇಸಿದುಕೊಂಡು, ಬೆಳ್ಳಿಯ ಒಳಲೆಯಿದ್ದ ಪೆಟ್ಟಿಗೆಯಲ್ಲಿ ಪಕ್ಕಕ್ಕೇ ಇಟ್ಟರು.

"ಮುತ್ತಜ್ಜಿ, ರಬ್ಬರೆಲ್ಲ ಹಳತಾಗುತ್ತೆ, ಆಮೇಲೆ ಉಪಯೋಗಕ್ಕೆ ಬರಲ್ಲ" ಎಂದಳು ಅಣ್ಣನ ಮಗಳು.

"ಬರದಿದ್ದರೆ ಬೇಡ. ಇವಳು ದೊಡ್ಡವಳಾದ ಮೇಲೆ ನೋಡಲಿ" ಎಂದು ಅಜ್ಜಿ ಪೆಟ್ಟಿಗೆ ಮುಚ್ಚಿದರು.